ಅಸ್ಪೃಶ್ಯತೆ, ಜೀತ, ವರ್ಣಭೇದದ ಪಾಠ ಮಾಡುವುದು ಹೇಗೆ: ಪ್ರಶಿಕ್ಷಣಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಅಭ್ಯಾಸ ಬೋಧನೆಗೆಂದು ನಮ್ಮ ಶಾಲೆಗೆ ಬರುವ ಬಿ.ಇಡಿ. ಪ್ರಶಿಕ್ಷಣಾರ್ಥಿಗಳು ಸ್ಟಾಫ್ ರೂಮಿನಲ್ಲಿ ಕುಳಿತು ಪಾಠ ಹಂಚಿಕೊಳ್ಳುವಾಗ ಹೊಯ್ಸಳರು, ಮೈಸೂರು ಒಡೆಯರು, ಭೂಪಟ ಓದುವುದು ಇವೆಲ್ಲ ಹತ್ತು ನಿಮಿಷದಲ್ಲಿ ಖಾಲಿಯಾಗುತ್ತವೆ. ಸಾಮಾಜಿಕ ಸ್ತರೀಕರಣ, ಅಸ್ಪೃಶ್ಯತೆ, ವರ್ಣಭೇದ ನೀತಿ ಎಂದಿರುವ ಪುಟಗಳು ಮಾತ್ರ ಕೊನೆಯವರೆಗೂ ಮೇಜಿನ ಮೇಲೆಯೇ ಇರುತ್ತವೆ, ಆಮೇಲೆ ಆ ದಿನ ತಡವಾಗಿ ಬಂದವರ ಪಾಲಿಗೆ ಬೀಳುತ್ತವೆ. ಹಾಗೆ ಪಾಲಿಗೆ ಬಂದ ಪಾಠ ಮೂರರಲ್ಲಿ ಒಂದು ರೀತಿಯಲ್ಲಿ ಕೆಡುವುದನ್ನು ನಾನು ಹಿಂದಿನ ಬೆಂಚಿನಲ್ಲಿ ಅವಲೋಕನ ಪುಸ್ತಕ ಹಿಡಿದುಕೊಂಡು ನೋಡುತ್ತ ಬಂದಿದ್ದೇನೆ. ಕೆಲವರು ಪಠ್ಯವನ್ನು ಉಸಿರು ಬಿಡದೆ ಓದಿ ಮುಗಿಸುತ್ತಾರೆ. ಕೆಲವರು ‘ನಾವೆಲ್ಲ ಒಂದೇ’ ಎಂಬ ಭಾಷಣಕ್ಕೆ ಇಳಿಯುತ್ತಾರೆ. ಇನ್ನು ಕೆಲವರು ಹಿಂಸೆಯನ್ನು ಎಷ್ಟು ಕರುಣಾಜನಕವಾಗಿ ವರ್ಣಿಸುತ್ತಾರೆಂದರೆ, ತರಗತಿಯ ಅರ್ಧ ಮಕ್ಕಳು ಮೂಲೆಯ ಒಂದು ಬೆಂಚಿನ ಕಡೆಗೆ ತಿರುಗಿ ನೋಡಲು ತೊಡಗುತ್ತಾರೆ.

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಶಾಲೆಗಳಿಗೆ ಹೋಗುವ ಬಿ.ಇಡಿ. ಮತ್ತು ಡಿ.ಇಡಿ. ಪ್ರಶಿಕ್ಷಣಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹಂತಗಳನ್ನು ಬರೆದಿದ್ದೇನೆ. ಇವರಲ್ಲಿ ಬಹುತೇಕರಿಗೆ ಧೈರ್ಯದ ಕೊರತೆಯಿಲ್ಲ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬುದನ್ನು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಆದ್ದರಿಂದ ಹಂತಗಳ ಅನುಕ್ರಮವನ್ನು ಬದಲಿಸಬೇಡಿ. ಮೊದಲ ಮೂರು ಹಂತಗಳನ್ನು ಬಿಟ್ಟು ನೇರವಾಗಿ ಪಾಠ ಯೋಜನೆ ಬರೆಯಲು ಕುಳಿತವರೇ ಹೆಚ್ಚಾಗಿ ಸೋಲುತ್ತಾರೆ.

ಮೊದಲೇ ಕೈಗೆ ಇಟ್ಟುಕೊಳ್ಳಬೇಕಾದವು

ಪಠ್ಯಪುಸ್ತಕ, ಸಂವಿಧಾನದ ಕನ್ನಡ ಪ್ರತಿ, ಒಂದು ಸಾಮಾನ್ಯ ನೋಟ್‌ಬುಕ್, ಸುಮಾರು ಎರಡು ಮೀಟರ್ ಉದ್ದದ ಬಿಳಿ ಕಾಗದದ ಪಟ್ಟಿ, ಸ್ಕೆಚ್ ಪೆನ್ನು, ಮಕ್ಕಳ ಸಂಖ್ಯೆಯಷ್ಟು ಸಣ್ಣ ಚೀಟಿಗಳು ಮತ್ತು ಮುಚ್ಚಳವಿರುವ ಒಂದು ಡಬ್ಬಿ ಸಾಕು. ಪ್ರೊಜೆಕ್ಟರ್ ಬೇಕಿಲ್ಲ, ಈ ಪಾಠದ ಹೊತ್ತಿಗೆ ಅದು ಇರದಿದ್ದರೇ ಒಳ್ಳೆಯದು, ಏಕೆಂದರೆ ಯೂಟ್ಯೂಬಿನಲ್ಲಿ ಸಿಕ್ಕ ವಿಡಿಯೊವನ್ನು ಹಾಕಿ ಪಕ್ಕಕ್ಕೆ ಸರಿದು ನಿಲ್ಲುವ ಆಸೆ ದೊಡ್ಡದು. ತಯಾರಿಗೆ ಕನಿಷ್ಠ ಐದು ದಿನ ಬೇಕು. ನಾಳೆ ಪಾಠವಿದೆ ಎಂದು ಇಂದು ರಾತ್ರಿ ಕುಳಿತರೆ ಈ ಮಾರ್ಗದರ್ಶಿ ನೆರವಿಗೆ ಬರುವುದಿಲ್ಲ.

ಹಂತ 1: ಪಠ್ಯದ ವಾಕ್ಯಗಳಲ್ಲಿ ಕರ್ತೃವನ್ನು ಹುಡುಕಿ

ನಿಮಗೆ ಬಂದಿರುವ ಪಾಠವನ್ನು ತೆರೆದು, ಅನ್ಯಾಯವನ್ನು ಹೇಳುವ ಪ್ರತಿಯೊಂದು ವಾಕ್ಯದ ಕೆಳಗೆ ಗೆರೆ ಎಳೆಯಿರಿ. ಹೆಚ್ಚಿನ ವಾಕ್ಯಗಳು ‘ಪ್ರವೇಶವನ್ನು ನಿಷೇಧಿಸಲಾಗಿತ್ತು’, ‘ನೀರು ಮುಟ್ಟಲು ಬಿಡುತ್ತಿರಲಿಲ್ಲ’, ‘ಊರ ಹೊರಗೆ ಇಡಲಾಗುತ್ತಿತ್ತು’ ಎಂಬ ಅಚ್ಚಿನಲ್ಲಿರುತ್ತವೆ. ಪ್ರತಿ ವಾಕ್ಯದ ಮುಂದೆ ‘ಯಾರು?’ ಎಂದು ಬರೆಯಿರಿ. ಯಾರು ನಿಷೇಧಿಸಿದ್ದು? ಯಾರು ಬಿಡುತ್ತಿರಲಿಲ್ಲ? ಕನ್ನಡದಲ್ಲಿ ಕರ್ತೃವಿಲ್ಲದೆ ವಾಕ್ಯ ಮುಗಿಸುವುದು ಬಹಳ ಸುಲಭ. ಆ ಸೌಲಭ್ಯದಿಂದಾಗಿಯೇ ಅಸ್ಪೃಶ್ಯತೆಯು ಮಳೆ ಬರ ಇದ್ದಂತೆ ತಾನಾಗಿ ಬಂದು ಹೋದ ಸಂಗತಿಯಾಗಿ ಮಕ್ಕಳ ತಲೆಯಲ್ಲಿ ಉಳಿದುಬಿಡುತ್ತದೆ.

ಈಗ ನೋಟ್‌ಬುಕ್ಕಿನಲ್ಲಿ ಅದೇ ವಾಕ್ಯವನ್ನು ಕರ್ತೃವಿಟ್ಟು ಬರೆಯಿರಿ: ‘ಊರಿನ ಇತರ ಜಾತಿಯವರು ತಾವು ಬಳಸುತ್ತಿದ್ದ ಬಾವಿಯಿಂದ ಇವರು ನೀರು ಸೇದಲು ಬಿಡುತ್ತಿರಲಿಲ್ಲ.’ ಬರೆಯುವಾಗ ಕೈ ತಡೆಯುತ್ತದೆ. ಆ ತಡೆ ಎಲ್ಲಿ ಬಂತೆಂದು ಗುರುತು ಹಾಕಿಕೊಳ್ಳಿ, ಏಕೆಂದರೆ ತರಗತಿಯಲ್ಲಿಯೂ ನಿಮ್ಮ ದನಿ ಅದೇ ಜಾಗದಲ್ಲಿ ತಗ್ಗುತ್ತದೆ. ಹತ್ತು ಹನ್ನೆರಡು ವಾಕ್ಯಗಳನ್ನು ಹೀಗೆ ತಿದ್ದಿ, ಒಬ್ಬರೇ ಇರುವಾಗ ಎರಡು ಬಾರಿ ಗಟ್ಟಿಯಾಗಿ ಓದಿ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕರ್ತೃವಿಡುವುದೆಂದರೆ ಒಂದು ನಿರ್ದಿಷ್ಟ ಜಾತಿಯ ಹೆಸರನ್ನು ಹಿಡಿದು ತರಗತಿಯ ನಡುವೆ ನಿಲ್ಲಿಸುವುದಲ್ಲ. ಘಟನೆಯ ದಾಖಲೆಯಲ್ಲಿ ಯಾರೆಂದು ಇದೆಯೋ ಅಷ್ಟನ್ನು ಹೇಳಿ. ‘ಪುರಸಭೆ’, ‘ಜಮೀನಿನ ಒಡೆಯರು’, ‘ಶಾಲೆಯ ಆಡಳಿತ’ ಎಂಬ ಕರ್ತೃಗಳೂ ನಿಜವಾದ ಕರ್ತೃಗಳೇ.

ಹಂತ 2: ಆಡುವ ಪದಗಳನ್ನು ಮೊದಲೇ ತೀರ್ಮಾನಿಸಿಕೊಳ್ಳಿ

ತರಗತಿಯಲ್ಲಿ ನಿಂತ ಮೇಲೆ ಪದ ಹುಡುಕಲು ಹೋದರೆ, ಮನೆಯಲ್ಲಿ ಕೇಳಿ ಬೆಳೆದ ಪದವೇ ನಾಲಿಗೆಗೆ ಬರುತ್ತದೆ. ಆದ್ದರಿಂದ ನೋಟ್‌ಬುಕ್ಕಿನ ಒಂದು ಪುಟದಲ್ಲಿ ನೀವು ಬಳಸುವ ಪದಗಳನ್ನು, ಎದುರು ಪುಟದಲ್ಲಿ ಬಳಸದ ಪದಗಳನ್ನು ಬರೆದಿಟ್ಟುಕೊಳ್ಳಿ. ‘ಪರಿಶಿಷ್ಟ ಜಾತಿ’, ‘ಪರಿಶಿಷ್ಟ ಪಂಗಡ’ ಎಂಬವು ಸಂವಿಧಾನದ ಪದಗಳು. ‘ದಲಿತ’ ಎಂಬುದು ಚಳವಳಿ ತಾನಾಗಿ ಆರಿಸಿಕೊಂಡ ಪದ. ‘ಹರಿಜನ’ ಎಂಬ ಪದ ಅಧಿಕೃತ ಬಳಕೆಯಿಂದ ಹೋಗಿದೆ, ಆ ಹೆಸರಿನಿಂದ ಕರೆಸಿಕೊಂಡವರಲ್ಲಿ ಅನೇಕರು ಅದನ್ನು ಒಪ್ಪುವುದಿಲ್ಲ. ‘ಪಂಚಮ’ ಎಂಬುದು ಹಳೆಯ ಮೈಸೂರು ಸರ್ಕಾರದ ಕಾಗದಪತ್ರಗಳಲ್ಲಿದ್ದ ಪದ. ಹಳೆಯ ದಾಖಲೆಯನ್ನು ಓದುವಾಗ ಮಾತ್ರ, ಅದು ಆ ಕಾಲದ ಪದವೆಂದು ಹೇಳಿ ಬಳಸಬಹುದು.

‘ಹಿಂದುಳಿದವರು’ ಎಂಬ ಪದವನ್ನು ಪರಿಶಿಷ್ಟ ಜಾತಿಯವರಿಗೆ ಸೌಜನ್ಯದ ಮುಸುಕಾಗಿ ಬಳಸುವುದು ತೀರಾ ಸಾಮಾನ್ಯವಾದ ತಪ್ಪು. ಹಿಂದುಳಿದ ವರ್ಗಗಳು ಎಂಬುದು ಬೇರೆಯೇ ಪಟ್ಟಿ, ನಮ್ಮ ಭಾಗದ ದೊಡ್ಡ ಕೃಷಿಕ ಸಮುದಾಯಗಳೂ ಅದರಲ್ಲಿ ಇವೆ. ‘ಕೀಳು ಜಾತಿ’ ಎಂಬುದು ಸರಿಯಲ್ಲವೆಂದು ಎಲ್ಲರಿಗೂ ಗೊತ್ತು, ಆದರೆ ಅದನ್ನು ತಿದ್ದಿ ‘ಕೀಳೆಂದು ಕರೆಯಲಾದ ಜಾತಿ’ ಎಂದು ಬರೆದವರು ಮತ್ತೆ ಮೊದಲ ಹಂತದ ಹಳ್ಳಕ್ಕೇ ಬಿದ್ದಿರುತ್ತಾರೆ. ಕರೆದವರು ಯಾರು?

ಇವೆಲ್ಲಕ್ಕಿಂತ ಅಪಾಯಕಾರಿಯಾದ ಪದ ‘ಅವರು’. ‘ಅವರಿಗೆ ತುಂಬ ಕಷ್ಟ ಇತ್ತು ಮಕ್ಕಳೇ’ ಎಂದು ನೀವು ಹೇಳಿದ ಕ್ಷಣವೇ ‘ನಾವು’ ಎಂಬ ಗುಂಪೊಂದು ತಯಾರಾಗಿ, ತರಗತಿಯ ಕೆಲವು ಮಕ್ಕಳು ಅದರ ಹೊರಗೆ ಕುಳಿತಿರುತ್ತಾರೆ. ಜನರ ಹೆಸರು, ಊರಿನ ಹೆಸರು, ವರ್ಷ ಹೇಳಿ. ಸರ್ವನಾಮವನ್ನು ಆದಷ್ಟೂ ಕಡಿಮೆ ಮಾಡಿ.

ಜಾತಿಯ ಹೆಸರನ್ನೇ ಬೈಗುಳವಾಗಿಸಿದ ಪದಗಳನ್ನು ಉದಾಹರಣೆಗೆಂದು ಕೂಡ ಉಚ್ಚರಿಸಬೇಡಿ. ಅಂತಹ ಪದದಿಂದ ಸಾರ್ವಜನಿಕವಾಗಿ ನಿಂದಿಸುವುದು 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ನಿಮ್ಮ ಉದ್ದೇಶ ನಿಂದೆಯಲ್ಲದಿದ್ದರೂ, ಮೇಷ್ಟರ ಬಾಯಲ್ಲಿ ಕೇಳಿದ ಪದವನ್ನು ಮಕ್ಕಳು ಆಟದ ಮೈದಾನಕ್ಕೆ ಕೊಂಡೊಯ್ಯುತ್ತಾರೆ.

ಹಂತ 3: ತರಗತಿಯನ್ನು ತಿಳಿದುಕೊಳ್ಳಿ, ಜಾತಿಯನ್ನು ಕೇಳಬೇಡಿ

ಪಾಠಕ್ಕೆ ಮೂರು ದಿನ ಮುಂಚೆ ಮಾರ್ಗದರ್ಶಿ ಶಿಕ್ಷಕರ ಬಳಿ ಕುಳಿತು ಎರಡೇ ವಿಷಯ ಕೇಳಿ. ಈ ತರಗತಿಯಲ್ಲಿ ಇತ್ತೀಚೆಗೆ ಜಾತಿ, ಧರ್ಮ, ಊರಿನ ಹೆಸರಿನಲ್ಲಿ ಜಗಳವೇನಾದರೂ ನಡೆದಿದೆಯೇ? ಮಕ್ಕಳು ಬರುವ ಊರುಗಳಲ್ಲಿ ಸದ್ಯ ದೇವಸ್ಥಾನದ ಅಥವಾ ಜಮೀನಿನ ವಿವಾದ ಇದೆಯೇ? ಯಾವ ಮಗು ಯಾವ ಜಾತಿಯದು ಎಂದು ಕೇಳಬೇಡಿ, ಹಾಜರಿ ಪುಸ್ತಕದ ಪುಟ ತಿರುವಿ ನೋಡಲೂಬೇಡಿ. ಗೊತ್ತಾದರೆ ಪಾಠದ ನಡುವೆ ನಿಮ್ಮ ಕಣ್ಣು ಅಲ್ಲಿಗೆ ಹೋಗಿಯೇ ಹೋಗುತ್ತದೆ, ಮತ್ತು ನಿಮ್ಮ ಕಣ್ಣು ಎಲ್ಲಿಗೆ ಹೋಗುತ್ತದೆಂಬುದನ್ನು ಮಕ್ಕಳು ನಿಮಗಿಂತ ಚೆನ್ನಾಗಿ ಗಮನಿಸುತ್ತಾರೆ.

ಇದನ್ನು ನಾನು ತಪ್ಪು ಮಾಡಿ ಕಲಿತೆ. ನೌಕರಿಗೆ ಸೇರಿದ ಹೊಸದರಲ್ಲಿ, ಹೆಸರು ಹೇಳಬೇಕಿಲ್ಲದ ಒಂದು ಶಾಲೆಯಲ್ಲಿ, ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ತಡವಾಗುತ್ತಿದೆಯೆಂದು ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ‘ಎಸ್‌ಸಿ ಮಕ್ಕಳು ಎದ್ದು ನಿಲ್ಲಿ’ ಎಂದಿದ್ದೆ. ಒಂಬತ್ತು ಮಕ್ಕಳು ಎದ್ದರು. ಹತ್ತನೆಯವಳು ಬೆಂಚಿನ ಕೆಳಗೆ ಬಗ್ಗಿ ಚಪ್ಪಲಿಯ ಪಟ್ಟಿ ಸರಿಪಡಿಸುತ್ತಲೇ ಇದ್ದಳು. ಅಂದೇ ಮೂರನೆಯ ಪೀರಿಯಡ್ಡಿನಲ್ಲಿ ಅದೇ ಮಕ್ಕಳಿಗೆ ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ ಸಂವಿಧಾನದ 17ನೆಯ ವಿಧಿಯನ್ನು ಬರೆಸಿದೆ. ಯಾರೂ ದೂರಲಿಲ್ಲ. ಆ ಹುಡುಗಿ ಅರ್ಜಿಯನ್ನೇ ಕೊಡಲಿಲ್ಲ.

ಆದ್ದರಿಂದ ನೀವು ಆ ಶಾಲೆಯಲ್ಲಿರುವಷ್ಟು ದಿನ ಅರ್ಜಿ, ಪ್ರಮಾಣಪತ್ರ, ಪಟ್ಟಿಗಳ ಕೆಲಸ ನಿಮ್ಮ ಪಾಲಿಗೆ ಬಂದರೆ ಹೆಸರು ಹಿಡಿದು ಒಬ್ಬೊಬ್ಬರನ್ನೇ ಸ್ಟಾಫ್ ರೂಮಿಗೆ ಕರೆಯಿರಿ. ಬಿಸಿಯೂಟದ ಸಾಲು, ನೀರಿನ ನಲ್ಲಿ, ಯಾರ ಪಕ್ಕದಲ್ಲಿ ಯಾರು ಕೂರುತ್ತಾರೆಂಬುದು ಇವನ್ನು ಮೂರು ದಿನ ಸುಮ್ಮನೆ ಗಮನಿಸಿ. ಹಾಗೆ ಕಂಡದ್ದನ್ನು ಪಾಠದಲ್ಲಿ ಉದಾಹರಣೆಯಾಗಿ ಹೇಳಬೇಡಿ. ಅದು ನಿಮ್ಮ ತಿಳಿವಳಿಕೆಗೆ ಮಾತ್ರ.

ಹಂತ 4: ಒಂದೇ ಘಟನೆಯನ್ನು ಆರಿಸಿ, ವರ್ಷಗಳನ್ನು ಜೋಡಿಸಿ

ನಲವತ್ತು ನಿಮಿಷದಲ್ಲಿ ಜಾತಿ ವ್ಯವಸ್ಥೆಯ ಹುಟ್ಟು, ಬೆಳವಣಿಗೆ, ದುಷ್ಪರಿಣಾಮ, ನಿವಾರಣೋಪಾಯ ಎಲ್ಲವನ್ನೂ ಹೇಳಲು ಹೋದ ಪಾಠ ಭಾಷಣವಾಗದೆ ಗತ್ಯಂತರವಿಲ್ಲ. ಒಂದೇ ಘಟನೆಯನ್ನು ಆರಿಸಿಕೊಳ್ಳಿ. ಅದು ನೋವನ್ನು ಸಹಿಸಿದ ಘಟನೆಯಾಗದೆ, ಜನರು ಏನನ್ನಾದರೂ ಮಾಡಿದ ಘಟನೆಯಾಗಿರಲಿ. ಅಸ್ಪೃಶ್ಯತೆಯ ಪಾಠಕ್ಕೆ ನಾನು ಮಹಾರಾಷ್ಟ್ರದ ಮಹಾಡ್ ಊರಿನ ಕೆರೆಯನ್ನೇ ಸೂಚಿಸುತ್ತೇನೆ, ಏಕೆಂದರೆ ಅಲ್ಲಿ ಕಾನೂನಿಗೂ ನಡವಳಿಕೆಗೂ ನಡುವಿನ ಅಂತರವನ್ನು ವರ್ಷಗಳಲ್ಲಿಯೇ ತೋರಿಸಬಹುದು.

ಕಾಗದದ ಪಟ್ಟಿಯನ್ನು ಗೋಡೆಗೆ ಅಂಟಿಸಿ ಈ ವರ್ಷಗಳನ್ನು ಅಂತರ ಬಿಟ್ಟು ಬರೆಯಿರಿ. 1923ರಲ್ಲಿ ಮುಂಬಯಿ ಪ್ರಾಂತ್ಯದ ಶಾಸನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳು, ಶಾಲೆಗಳು, ಧರ್ಮಛತ್ರಗಳು ಅಸ್ಪೃಶ್ಯತೆಗೆ ಗುರಿಯಾದವರಿಗೂ ಮುಕ್ತವೆಂಬ ನಿರ್ಣಯವನ್ನು ಅಂಗೀಕರಿಸಿತು. 1924ರಲ್ಲಿ ಮಹಾಡ್ ಪುರಸಭೆ ತನ್ನ ಚವದಾರ್ ಕೆರೆ ಎಲ್ಲರದೂ ಎಂದು ನಿರ್ಣಯಿಸಿತು. ಆದರೂ ಯಾರೂ ಹೋಗಿ ನೀರು ಮುಟ್ಟುವ ಪರಿಸ್ಥಿತಿ ಇರಲಿಲ್ಲ. 1927ರ ಮಾರ್ಚ್ 20ರಂದು ಡಾ. ಬಿ.ಆರ್. ಅಂಬೇಡ್ಕರ್ ನೇತೃತ್ವದಲ್ಲಿ ಜನ ಮೆರವಣಿಗೆಯಲ್ಲಿ ಹೋಗಿ ಆ ಕೆರೆಯ ನೀರು ಕುಡಿದರು. ಊರಿನ ಸವರ್ಣೀಯರಲ್ಲಿ ಕೆಲವರು ಅವರ ಮೇಲೆ ಹಲ್ಲೆ ಮಾಡಿದರು, ಆಮೇಲೆ ಕೆರೆಯನ್ನು ‘ಶುದ್ಧಿ’ ಮಾಡಿದರು, ಕೋರ್ಟಿಗೂ ಹೋದರು. ಕೆರೆ ಸಾರ್ವಜನಿಕವಾದದ್ದೆಂದು ಮುಂಬಯಿ ಹೈಕೋರ್ಟು ತೀರ್ಪು ಕೊಟ್ಟದ್ದು 1937ರಲ್ಲಿ. ಸಂವಿಧಾನ ಸಭೆ ಅಸ್ಪೃಶ್ಯತೆಯನ್ನು ರದ್ದುಗೊಳಿಸುವ ವಿಧಿಯನ್ನು ಅಂಗೀಕರಿಸಿದ್ದು 1948ರ ನವೆಂಬರ್ 29ರಂದು. ಆ ವಿಧಿಗೆ ಶಿಕ್ಷೆಯ ಬಲ ಕೊಟ್ಟ ಕಾಯ್ದೆ ಬಂದದ್ದು 1955ರಲ್ಲಿ.

1923ರ ನಿರ್ಣಯಕ್ಕೂ ಒಂದು ಬೊಗಸೆ ನೀರಿಗೂ ನಡುವೆ ನಾಲ್ಕು ವರ್ಷ, ಆ ನೀರಿಗೂ ತೀರ್ಪಿಗೂ ನಡುವೆ ಹತ್ತು ವರ್ಷ. ಈ ಲೆಕ್ಕವನ್ನು ನೀವು ಹೇಳಬೇಡಿ. ಪಟ್ಟಿಯ ಮುಂದೆ ನಿಲ್ಲಿಸಿ ಮಕ್ಕಳಿಂದಲೇ ಮಾಡಿಸಿ.

ನಮ್ಮದೇ ನೆಲದ ಎಳೆ ಬೇಕೆಂದರೆ 1918ರ ಮಿಲ್ಲರ್ ಸಮಿತಿಯನ್ನು ಪಟ್ಟಿಗೆ ಸೇರಿಸಿ. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರ ಸಮುದಾಯಗಳಿಗೆ ಸಾಕಷ್ಟು ಪ್ರಾತಿನಿಧ್ಯವಿಲ್ಲವೆಂಬ ದೂರನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ನೇಮಿಸಿದ ಸಮಿತಿ ಇದು. ಬ್ರಾಹ್ಮಣರನ್ನು ಬಿಟ್ಟು ಉಳಿದ ಸಮುದಾಯಗಳನ್ನು ಅದು ಹಿಂದುಳಿದವೆಂದು ಪರಿಗಣಿಸಿತು. ಮುಂದೆ ಬರುವ ಒಂದು ಪ್ರಶ್ನೆಗೆ ಈ ಮಾಹಿತಿ ಬಹಳ ಉಪಯೋಗಕ್ಕೆ ಬರುತ್ತದೆ.

ಹಂತ 5: ಚಟುವಟಿಕೆಯ ಕಾಲಂ ತುಂಬುವಾಗ ಎಚ್ಚರ

ಐದು ಹಂತಗಳ 5ಇ ಮಾದರಿಯ ಪಾಠ ಯೋಜನೆಯಲ್ಲಿ ಚಟುವಟಿಕೆ ಕಾಣಿಸಲೇಬೇಕು. ಅವಲೋಕನಕ್ಕೆ ಬರುವ ಉಪನ್ಯಾಸಕರೂ ಅದನ್ನೇ ಮೊದಲು ನೋಡುತ್ತಾರೆ. ಆ ಒತ್ತಡಕ್ಕೆ ಸಿಕ್ಕು ಪ್ರಶಿಕ್ಷಣಾರ್ಥಿಗಳು ಪಾತ್ರಾಭಿನಯಕ್ಕೆ ಕೈಹಾಕುತ್ತಾರೆ: ನೀನು ಊರ ಗೌಡ, ನೀನು ಬಾವಿಯ ಹತ್ತಿರ ಬರುವವನು, ನೀನು ಅವನನ್ನು ಓಡಿಸು. ಇದನ್ನು ಯಾವ ಕಾರಣಕ್ಕೂ ಮಾಡಿಸಬೇಡಿ. ಬಾವಿಯ ಹತ್ತಿರ ಬರುವವನ ಪಾತ್ರ ಸಿಕ್ಕ ಹುಡುಗನಿಗೆ ಅದು ಒಂದು ದಿನದ ಪಾತ್ರವಾಗಿ ಉಳಿಯುವುದಿಲ್ಲ, ವರ್ಷಪೂರ್ತಿ ಅಡ್ಡಹೆಸರಾಗುತ್ತದೆ. ನಿಜಜೀವನದಲ್ಲಿ ಅದನ್ನು ಕಂಡ ಮಗುವಿಗೆ ಆ ಪಾತ್ರ ಬಿದ್ದರಂತೂ ಹೇಳುವುದೇ ಬೇಡ. ತರಗತಿಯನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಮಾತ್ರ ನೀರು ಕೊಡುವ ‘ಅನುಭವದ ಆಟ’ಗಳೂ ಇದೇ ಜಾತಿಯವು (ಈ ಪದ ಇಲ್ಲಿಗೂ ನುಸುಳಿತು, ನೋಡಿ).

‘ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬನ್ನಿ’ ಎಂಬ ಮನೆಗೆಲಸವೂ ಬೇಡ. ಅದು ಯಾವುದೋ ಮನೆಯಲ್ಲಿ ಅವಮಾನವನ್ನು, ಇನ್ಯಾವುದೋ ಮನೆಯಲ್ಲಿ ಜಗಳವನ್ನು ಎಬ್ಬಿಸುತ್ತದೆ. ಮರುದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ಕುಳಿತಿರುತ್ತಾರೆ.

ಅದರ ಬದಲು ನಾಲ್ಕು ಗುಂಪು ಮಾಡಿ. ಗುಂಪುಗಳನ್ನು ಬೆಂಚಿನಂತೆ ಮಾಡದೆ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ಮಾಡಿ, ಏಕೆಂದರೆ ಬೆಂಚುಗಳು ಹಲವು ಕಡೆ ಊರಿನ ಬೀದಿಗಳಂತೆಯೇ ಇರುತ್ತವೆ. ಪ್ರತಿ ಗುಂಪಿಗೂ ಪಠ್ಯದ ಎರಡು ಕರ್ತೃವಿಲ್ಲದ ವಾಕ್ಯಗಳನ್ನು ಕೊಟ್ಟು, ಕರ್ತೃವಿಟ್ಟು ಮತ್ತೆ ಬರೆಯಲು ಹೇಳಿ. ವ್ಯಾಕರಣದ ಕೆಲಸವಾದ್ದರಿಂದ ಯಾವ ಮಗುವೂ ಮುದುಡುವುದಿಲ್ಲ, ಮಾಡುತ್ತ ಹೋದಂತೆ ವಿಷಯ ತಾನಾಗಿ ಎದುರಿಗೆ ಬರುತ್ತದೆ. ಬೇಲೂರು ತಾಲ್ಲೂಕಿನ ಶಾಲೆಯೊಂದರಲ್ಲಿ ಒಂದು ಗುಂಪು ‘ನಿಷೇಧಿಸಲಾಗಿತ್ತು’ ಎಂಬ ಪದವನ್ನು ಹೊಡೆದುಹಾಕಿ, ಅದರ ಮೇಲೆ ಪೆನ್ಸಿಲ್ಲಿನಲ್ಲಿ ‘ನಿಷೇಧಿಸಿದರು’ ಎಂದು ಬರೆದು, ‘ರು’ ಅಕ್ಷರದ ಸುತ್ತ ವೃತ್ತ ಹಾಕಿ ಪಕ್ಕದಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಇಟ್ಟಿತ್ತು. ಆ ಹಾಳೆಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ಹಂತ 6: ನಲವತ್ತು ನಿಮಿಷಗಳ ಹಂಚಿಕೆ

ಮೊದಲ ಐದು ನಿಮಿಷ ನಿಯಮಗಳಿಗೆ. ಇಂದಿನ ಪಾಠದಲ್ಲಿ ಯಾರೂ ತಮ್ಮ ಮನೆಯ ಅಥವಾ ಇನ್ನೊಬ್ಬರ ಮನೆಯ ವಿಷಯ ಹೇಳಬೇಕಾಗಿಲ್ಲ, ಯಾರನ್ನೂ ತೋರಿಸಿ ಮಾತನಾಡುವಂತಿಲ್ಲ, ಕೇಳಲು ಸಂಕೋಚವಾದದ್ದನ್ನು ಹೆಸರು ಬರೆಯದೆ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬಹುದು ಎಂದು ಹೇಳಿ. ಎಲ್ಲರಿಗೂ ಚೀಟಿ ಕೊಡಿ, ಎಲ್ಲರೂ ಹಾಕಲೇಬೇಕೆಂದು ಹೇಳಿ. ಏನೂ ಇಲ್ಲದವರು ಖಾಲಿ ಚೀಟಿ ಹಾಕಲಿ. ಆಗ ಯಾರು ಬರೆದರೆಂದು ತಿಳಿಯುವುದಿಲ್ಲ.

ನಂತರದ ಹತ್ತು ನಿಮಿಷ ಗೋಡೆಯ ಪಟ್ಟಿ ಮತ್ತು ಮಹಾಡ್. ಆಮೇಲೆ ಹನ್ನೆರಡು ನಿಮಿಷ ವಾಕ್ಯ ತಿದ್ದುವ ಕೆಲಸ. ನಂತರದ ಎಂಟು ನಿಮಿಷದಲ್ಲಿ 17ನೆಯ ವಿಧಿಯನ್ನು ಸಂವಿಧಾನದ ಪ್ರತಿಯಿಂದಲೇ ಓದಿಸಿ. ಆ ವಿಧಿ ಯಾವ ಜಾತಿಯ ಹೆಸರನ್ನೂ ಎತ್ತುವುದಿಲ್ಲ, ಆಚರಣೆಯನ್ನು ಮಾತ್ರ ರದ್ದುಗೊಳಿಸುತ್ತದೆ ಎಂಬುದನ್ನು ಮಕ್ಕಳೇ ಗುರುತಿಸಲಿ. ಉಳಿದ ಐದು ನಿಮಿಷವನ್ನು ಪ್ರಶ್ನೆಗಳಿಗೆ ಬಿಡಿ. ಸಮಯ ಕಡಿಮೆಯಾದರೆ ಮಹಾಡ್ ಭಾಗವನ್ನು ಮೊಟಕುಗೊಳಿಸಬಹುದು, ನಿಯಮದ ಐದು ನಿಮಿಷವನ್ನು ಮಾತ್ರ ಮುಟ್ಟಬೇಡಿ.

ಪಾಠ ಹಳಿ ತಪ್ಪುತ್ತಿದೆ ಎಂಬುದಕ್ಕೆ ಸೂಚನೆಗಳಿವೆ. ಯಾವಾಗಲೂ ಮಾತನಾಡುವ ಮಗು ತಲೆ ತಗ್ಗಿಸಿ ಪುಸ್ತಕದ ಅಂಚಿನಲ್ಲಿ ಗೀಚುತ್ತ ಕುಳಿತರೆ, ಹಿಂದಿನ ಬೆಂಚಿನಲ್ಲಿ ಪಿಸುಮಾತು ಬಂದು ಒಂದು ಹೆಸರಿನ ಹತ್ತಿರ ನಗು ಎದ್ದರೆ, ಇಬ್ಬರು ಮೂವರು ಒಟ್ಟಿಗೆ ಹೊರಗೆ ಹೋಗಲು ಅನುಮತಿ ಕೇಳಿದರೆ, ಅಥವಾ ನಿಮ್ಮದೇ ದನಿ ಏರಿದರೆ, ಮಾತು ನಿಲ್ಲಿಸಿ ಎಲ್ಲರಿಗೂ ಎರಡು ನಿಮಿಷದ ಬರವಣಿಗೆ ಕೊಡಿ. ಗೋಡೆಯ ಪಟ್ಟಿಯನ್ನು ನೋಟ್ಸಿಗೆ ಇಳಿಸಿಕೊಳ್ಳಿ ಎಂದರೆ ಸಾಕು. ನಕ್ಕವನನ್ನು ಅಲ್ಲಿಯೇ ನಿಲ್ಲಿಸಿ ಬೈದರೆ, ಯಾರ ಹೆಸರಿಗೆ ನಕ್ಕರು ಎಂಬುದು ಇಡೀ ತರಗತಿಗೆ ತಿಳಿಯುತ್ತದೆ. ಅವನ ಜೊತೆ ಮಾತು ಊಟದ ವಿರಾಮದಲ್ಲಿ ಆಗಲಿ.

ಹಂತ 7: ಬರಲಿರುವ ಪ್ರಶ್ನೆಗಳಿಗೆ ಉತ್ತರವನ್ನು ಬಾಯಲ್ಲಿ ರೂಢಿ ಮಾಡಿಕೊಳ್ಳಿ

ಪ್ರಶಿಕ್ಷಣಾರ್ಥಿಗಳ ನಿದ್ದೆಗೆಡಿಸುವ ಪ್ರಶ್ನೆ ಒಂದೇ: ‘ಸಾರ್, ನೀವು ಯಾವ ಜನ?’ ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕುಳಿತವರೂ ಕೇಳುವ ಪ್ರಶ್ನೆ ಇದಾದ್ದರಿಂದ, ಮಗು ಕೇಳಿದರೆ ಅದರಲ್ಲಿ ಕುಚೋದ್ಯವಿರಬೇಕೆಂದೇನೂ ಇಲ್ಲ. ಸಿಟ್ಟಾಗಬೇಡಿ, ಸುಳ್ಳು ಹೇಳಬೇಡಿ, ‘ನಾನು ಮನುಷ್ಯ ಜಾತಿ’ ಎಂಬ ಸಿದ್ಧ ಉತ್ತರವನ್ನೂ ಕೊಡಬೇಡಿ. ಆ ಉತ್ತರ ಕೇಳಿ ಮಕ್ಕಳಿಗೆ ಸಾಕಾಗಿದೆ. ‘ಇವತ್ತಿನ ನಿಯಮದಲ್ಲಿ ಯಾರೂ ಯಾರ ಮನೆಯ ವಿಷಯವನ್ನೂ ಹೇಳಬೇಕಾಗಿಲ್ಲ ಎಂದಿದ್ದೆವಲ್ಲ, ಆ ನಿಯಮ ನನಗೂ ಸೇರಿದೆ’ ಎನ್ನಿ. ನಿಯಮದ ಐದು ನಿಮಿಷವನ್ನು ಮುಟ್ಟಬೇಡಿ ಎಂದದ್ದು ಇದಕ್ಕಾಗಿಯೇ.

ಪ್ರಶಿಕ್ಷಣಾರ್ಥಿ ಸ್ವತಃ ದಲಿತ ಸಮುದಾಯದಿಂದ ಬಂದವರಾದರೆ ತೊಡಕು ಬೇರೆ ರೀತಿಯದು. ಸಹಪಾಠಿಗಳು ‘ಈ ಪಾಠ ನೀವೇ ತೆಗೆದುಕೊಳ್ಳಿ, ನಿಮಗೆ ಚೆನ್ನಾಗಿ ಬರುತ್ತದೆ’ ಎಂದು ಅವರ ಕಡೆಗೆ ತಳ್ಳುತ್ತಾರೆ. ಒಲ್ಲೆನೆನ್ನುವ ಹಕ್ಕು ನಿಮಗಿದೆ. ತೆಗೆದುಕೊಂಡರೂ ಸ್ವಂತ ಬದುಕನ್ನು ಸಾಕ್ಷಿಯಾಗಿ ಒಪ್ಪಿಸಬೇಕಾದ ಹೊಣೆ ನಿಮ್ಮದಲ್ಲ. ಹೇಳಬೇಕೆಂದು ನಿಮಗೇ ಅನಿಸಿದರೆ ಎಷ್ಟು ಹೇಳಬೇಕೆಂಬುದನ್ನು ಹಿಂದಿನ ದಿನವೇ ನಿರ್ಧರಿಸಿ, ಅದಕ್ಕಿಂತ ಒಂದು ವಾಕ್ಯವನ್ನೂ ಹೆಚ್ಚು ಹೇಳಬೇಡಿ. ಪಾಠ ಹಂಚುವ ಮಾರ್ಗದರ್ಶಿ ಶಿಕ್ಷಕರು ಈ ಪುಟಗಳನ್ನು ಚೀಟಿ ಎತ್ತಿಸಿ ಹಂಚುವುದು ಉತ್ತಮ.

‘ಈಗೆಲ್ಲಿದೆ ಸಾರ್ ಅದೆಲ್ಲ? ಆ ಕಾಲದಲ್ಲಿ ಇತ್ತು’ ಎಂಬ ಮಾತಿಗೆ ಸ್ಥಳೀಯ ಉದಾಹರಣೆಯನ್ನು ಎಸೆಯುವ ಆಸೆಯಾಗುತ್ತದೆ. ತಡೆದುಕೊಳ್ಳಿ. ಗೋಡೆಯ ಪಟ್ಟಿಯನ್ನು ತೋರಿಸಿ, ‘1955ರ ಕಾಯ್ದೆ ಇದ್ದೂ 1989ರಲ್ಲಿ ಇನ್ನೊಂದು ಕಾಯ್ದೆ ಯಾಕೆ ಬೇಕಾಯಿತು?’ ಎಂದು ಕೇಳಿ.

‘ನಮ್ಮ ತಾತ ಒಳ್ಳೆಯವರು, ಅವರು ಹಾಗೆಲ್ಲ ಮಾಡಿರಲಿಕ್ಕಿಲ್ಲ’ ಎಂದು ಒಂದು ಮಗು ಕಣ್ಣು ತುಂಬಿಕೊಂಡು ಹೇಳಬಹುದು. ಆ ಮಗುವನ್ನು ಸೋಲಿಸಲು ಹೋಗಬೇಡಿ. ಒಳ್ಳೆಯವರೂ ತಮ್ಮ ಕಾಲದ ಪದ್ಧತಿಯಂತೆ ನಡೆದದ್ದುಂಟು, ಅದನ್ನು ಮುರಿದದ್ದೂ ಉಂಟು, ನಿನ್ನ ತಾತನ ವಿಷಯ ನನಗೆ ಗೊತ್ತಿಲ್ಲ, ಇಂದು ನಾವು ಓದುತ್ತಿರುವುದು ಪದ್ಧತಿಯನ್ನು ಎಂದು ಹೇಳಿ ಮುಂದೆ ಹೋಗಿ.

ಮೀಸಲಾತಿಯ ಪ್ರಶ್ನೆ ಬಂದೇ ಬರುತ್ತದೆ. ಮಿಲ್ಲರ್ ಸಮಿತಿಯನ್ನು ಪಟ್ಟಿಗೆ ಸೇರಿಸಿದ್ದು ಇದಕ್ಕೆ. ಸ್ವಾತಂತ್ರ್ಯಕ್ಕೆ ಮೂರು ದಶಕ ಮುಂಚೆಯೇ ಮೈಸೂರು ಸಂಸ್ಥಾನದಲ್ಲಿ ಈ ಬೇಡಿಕೆ ಎದ್ದಿತ್ತು, ಅದನ್ನು ಎತ್ತಿದವರಲ್ಲಿ ಒಕ್ಕಲಿಗ ಮತ್ತು ಲಿಂಗಾಯತ ಮುಖಂಡರೂ ಇದ್ದರು ಎಂಬ ಸಂಗತಿ ಹಾಸನ ಸೀಮೆಯ ತರಗತಿಯಲ್ಲಿ ಮಾತಿನ ದಿಕ್ಕನ್ನೇ ಬದಲಿಸುವುದನ್ನು ಕಂಡಿದ್ದೇನೆ. ಅಂಕ, ಸೀಟು, ಕಟ್‌ಆಫ್ ಎಂಬ ವಾದಕ್ಕೆ ಇಳಿಯಬೇಡಿ, ಐದು ನಿಮಿಷದಲ್ಲಿ ಅದು ಮುಗಿಯುವಂಥದ್ದಲ್ಲ.

ಚಿಕ್ಕಮಗಳೂರಿನ ಕಡೆ ಬಾಬಾಬುಡನ್‌ಗಿರಿಯ ಪ್ರಶ್ನೆಯೂ ಬರಬಹುದು. ಅದು ಸರ್ಕಾರ ಮತ್ತು ನ್ಯಾಯಾಲಯಗಳ ಮುಂದೆ ದೀರ್ಘಕಾಲ ನಡೆದ ವಿವಾದ, ತೀರ್ಪು ಹೇಳುವುದು ನನ್ನ ಕೆಲಸವಲ್ಲ, ಇಂದಿನ ಪಾಠ ಬೇರೆ ಎಂದು ಸಮದನಿಯಲ್ಲಿ ಹೇಳಿ, ನಂತರ ಮಾರ್ಗದರ್ಶಿ ಶಿಕ್ಷಕರ ಗಮನಕ್ಕೆ ತನ್ನಿ.

ಹಂತ 8: ವರ್ಣಭೇದ ಮತ್ತು ಜೀತದ ಪಾಠಗಳಿಗೆ ಮಾಡಿಕೊಳ್ಳಬೇಕಾದ ಬದಲಾವಣೆ

ವರ್ಣಭೇದದ ಪಾಠ ದೂರದ ದೇಶದ್ದಾದ್ದರಿಂದ ಸುಲಭವೆಂದು ಪ್ರಶಿಕ್ಷಣಾರ್ಥಿಗಳು ಭಾವಿಸುತ್ತಾರೆ. ಮೊದಲ ತೊಡಕು ಪದದಲ್ಲಿಯೇ ಇದೆ. ‘ವರ್ಣ’ ಎಂದರೆ ಬಣ್ಣವೂ ಹೌದು, ಚಾತುರ್ವರ್ಣ್ಯದ ವರ್ಣವೂ ಹೌದು. ಮಕ್ಕಳು ಎರಡನ್ನೂ ಒಂದೇ ಎಂದು ಬರೆಯುತ್ತಾರೆ. ಪಾಠದ ಆರಂಭದಲ್ಲಿಯೇ ಎರಡೂ ಅರ್ಥಗಳನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ಬರೆಯಿರಿ. ಎರಡನೆಯ ತೊಡಕು ‘ಕರಿಯರು’ ಎಂಬ ಪದ. ನಮ್ಮಲ್ಲಿ ಕರಿಯಪ್ಪ ಎಂಬುದು ಗೌರವದ ಹೆಸರು, ‘ಕರಿಯ’ ಎಂಬುದು ಅದೇ ತರಗತಿಯ ಯಾವುದೋ ಹುಡುಗನಿಗೆ ಹಾಕಿದ ಅಡ್ಡಹೆಸರು. ನೀವು ಆ ಪದ ಆಡಿದೊಡನೆ ಎಲ್ಲರೂ ಅವನ ಕಡೆ ತಿರುಗುತ್ತಾರೆ. ‘ದಕ್ಷಿಣ ಆಫ್ರಿಕದ ಮೂಲನಿವಾಸಿಗಳು’, ‘ಆಫ್ರಿಕನ್ನರು’ ಎಂದೇ ಹೇಳಿ. ಮೂಡಿಗೆರೆ, ಸಕಲೇಶಪುರದ ಕಡೆಯ ಶಾಲೆಗಳಲ್ಲಿ ಕಾಫಿ ತೋಟದ ಕೆಲಸಕ್ಕೆಂದು ಅಸ್ಸಾಮಿನಿಂದ ಬಂದ ಕುಟುಂಬಗಳ ಮಕ್ಕಳೂ ಇರುತ್ತಾರೆ. ಮುಖಚಹರೆಯ ಮಾತು ಅವರ ಪಾಲಿಗೆ ದೂರದ ದೇಶದ ಮಾತಲ್ಲ.

ಇಲ್ಲಿಯೂ ವರ್ಷಗಳ ಪಟ್ಟಿಯೇ ಆಧಾರವಾಗಲಿ. 1948ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಅಧಿಕಾರಕ್ಕೆ ಬಂದ ಪಕ್ಷ ವರ್ಣಭೇದವನ್ನು ಸರ್ಕಾರದ ನೀತಿಯಾಗಿಸಿತು, 1950ರಲ್ಲಿ ಪ್ರತಿಯೊಬ್ಬರನ್ನೂ ಜನಾಂಗದ ಹೆಸರಿನಲ್ಲಿ ನೋಂದಾಯಿಸುವ ಕಾಯ್ದೆ ಬಂತು, 1976ರ ಜೂನ್ 16ರಂದು ಸೊವೆಟೊದ ಶಾಲಾಮಕ್ಕಳು ತಮ್ಮ ಮೇಲೆ ಹೇರಿದ ಬೋಧನಾ ಭಾಷೆಯ ವಿರುದ್ಧ ಬೀದಿಗಿಳಿದರು, 1994ರ ಏಪ್ರಿಲ್‌ನಲ್ಲಿ ಎಲ್ಲರೂ ಮತ ಹಾಕಿದರು. ಸೊವೆಟೊ ನಮ್ಮ ಮಕ್ಕಳನ್ನು ಹಿಡಿದು ನಿಲ್ಲಿಸುತ್ತದೆ, ಏಕೆಂದರೆ ಅಲ್ಲಿ ನಡೆದವರು ಇವರ ವಯಸ್ಸಿನವರು. ‘ನಾವು ಆರ್ಯರೋ ದ್ರಾವಿಡರೋ?’ ಎಂಬ ಪ್ರಶ್ನೆ ಬಂದರೆ, ಅವು ಮೂಲತಃ ಭಾಷಾ ಕುಟುಂಬಗಳ ಹೆಸರುಗಳು, 1901ರ ಜನಗಣತಿಯ ಆಯುಕ್ತ ರಿಸ್ಲೆ ಮೂಗಿನ ಅಳತೆಯಿಂದ ಜನಾಂಗ ನಿರ್ಧರಿಸಲು ಹೊರಟ ಕಾಲದ ವಿಚಾರವನ್ನು ವಿಜ್ಞಾನ ಕೈಬಿಟ್ಟಿದೆ ಎಂದಷ್ಟು ಹೇಳಿದರೆ ಸಾಕು. ತಮ್ಮ ಮೂಗನ್ನು ಅಳೆದುಕೊಳ್ಳಲು ಮಕ್ಕಳು ಸ್ಕೇಲು ತೆಗೆಯುತ್ತಾರೆ, ಅದಕ್ಕೂ ಸಿದ್ಧರಾಗಿರಿ.

ಜೀತದ ಪಾಠದಲ್ಲಿ ಸಂವಿಧಾನದ 23ನೆಯ ವಿಧಿ ಮತ್ತು 1976ರ ಜೀತ ಪದ್ಧತಿ ರದ್ದಿಯಾತಿ ಕಾಯ್ದೆಯನ್ನು ಆಧಾರವಾಗಿಟ್ಟುಕೊಳ್ಳಿ. ಮಲೆನಾಡಿನ ಶಾಲೆಯಾದರೆ ತೋಟದ ಲೈನ್ ಮನೆಗಳಿಂದ ಬರುವ ಮಕ್ಕಳೂ ತೋಟದ ಮಾಲೀಕರ ಮಕ್ಕಳೂ ಒಂದೇ ಕೊಠಡಿಯಲ್ಲಿರಬಹುದು. ಮುಂಗಡ ಪಡೆಯುವುದೆಲ್ಲ ಜೀತವಲ್ಲ, ಸಾಲ ತೀರುವವರೆಗೆ ಬೇರೆ ಕಡೆ ಹೋಗುವ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವುದು ಜೀತ ಎಂಬ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳದಿದ್ದರೆ ಒಂದು ಗುಂಪಿಗೆ ಅವಮಾನ, ಇನ್ನೊಂದಕ್ಕೆ ಆರೋಪ ತಗಲುತ್ತದೆ. ವಸತಿ, ಕುಡಿಯುವ ನೀರು, ವೈದ್ಯಕೀಯ ನೆರವನ್ನು ತೋಟದ ಮಾಲೀಕರ ಕರ್ತವ್ಯವಾಗಿಸಿದ 1951ರ ತೋಟ ಕಾರ್ಮಿಕರ ಕಾಯ್ದೆಯನ್ನು (2025ರ ನವೆಂಬರಿನಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ) ಜೊತೆಗೆ ತಿಳಿಸಿದರೆ ಲೈನ್ ಮನೆಯ ಮಗುವಿಗೆ ತನ್ನ ಮನೆ ಯಾರದೋ ದಯೆಯಲ್ಲವೆಂಬುದು ತಿಳಿಯುತ್ತದೆ.

ಹಂತ 9: ಗಂಟೆ ಹೊಡೆದ ಮೇಲೆ

ಡಬ್ಬಿಯನ್ನು ತರಗತಿಯಲ್ಲಿ ತೆರೆಯಬೇಡಿ. ಸ್ಟಾಫ್ ರೂಮಿನಲ್ಲಿಯೂ ಎಲ್ಲರ ಮುಂದೆ ತೆರೆಯಬೇಡಿ, ಅಕ್ಷರ ಗುರುತು ಹಿಡಿಯುವವರು ಅಲ್ಲಿ ಇರುತ್ತಾರೆ. ಚೀಟಿಗಳನ್ನು ನೀವೊಬ್ಬರೇ ಓದಿ ಮೂರು ಭಾಗ ಮಾಡಿ: ವಿಷಯದ ಪ್ರಶ್ನೆಗಳು, ಅಭಿಪ್ರಾಯಗಳು, ಮತ್ತು ಈಗ ನಡೆಯುತ್ತಿರುವ ಯಾವುದನ್ನೋ ಹೇಳುವ ಚೀಟಿಗಳು. ಮೊದಲನೆಯವಕ್ಕೆ ಮರುದಿನದ ಪಾಠದ ಆರಂಭದಲ್ಲಿ ಉತ್ತರ ಕೊಡಿ. ಎರಡನೆಯವನ್ನು ಓದಿ ಇಟ್ಟುಕೊಳ್ಳಿ.

ಮೂರನೆಯ ಬಗೆಯ ಚೀಟಿ ಒಂದಾದರೂ ಬಂದರೆ ಅದನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳಬೇಡಿ, ಪತ್ತೇದಾರಿಗೂ ಹೋಗಬೇಡಿ. ಅದೇ ದಿನ ಮಾರ್ಗದರ್ಶಿ ಶಿಕ್ಷಕರಿಗೆ, ಅವರ ಮೂಲಕ ಮುಖ್ಯ ಶಿಕ್ಷಕರಿಗೆ ತಿಳಿಸಿ. ಶಾಲೆಯಲ್ಲಿ ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ನಿಷೇಧಿಸುತ್ತದೆ (ಸಂವಿಧಾನದ ವಿಧಿಯ ಸಂಖ್ಯೆಯೂ ಇದೇ ಆಗಿರುವುದರಿಂದ ಪರೀಕ್ಷೆಯಲ್ಲಿ ನೀವೇ ಗೊಂದಲ ಮಾಡಿಕೊಳ್ಳಬೇಡಿ). ಮಗು ಅಪಾಯದಲ್ಲಿದೆ ಎನಿಸಿದರೆ 1098 ಮಕ್ಕಳ ಸಹಾಯವಾಣಿಯ ಸಂಖ್ಯೆ.

ಮೌಲ್ಯಮಾಪನದ ಪ್ರಶ್ನೆಗಳಲ್ಲಿ ‘ಅಸ್ಪೃಶ್ಯತೆಯ ಬಗ್ಗೆ ನಿಮ್ಮ ಅನುಭವ ಬರೆಯಿರಿ’ ಎಂಬುದು ಬೇಡ. ವರ್ಷಗಳನ್ನು ಜೋಡಿಸುವುದು, ವಾಕ್ಯಕ್ಕೆ ಕರ್ತೃವಿಡುವುದು, ನಿರ್ಣಯ ಬಂದರೂ ಕೆರೆ ಏಕೆ ತೆರೆಯಲಿಲ್ಲ ಎಂದು ಕಾರಣ ಕೊಡುವುದು ಇವು ಸಾಕು. ಗೋಡೆಯ ಪಟ್ಟಿಯನ್ನು ಪಾಠ ಮುಗಿದೊಡನೆ ಸುತ್ತಿಕೊಂಡು ಬರಬೇಡಿ. ಒಂದು ವಾರ ಅಲ್ಲಿಯೇ ಇರಲಿ, ಕೆಳಗೆ ಖಾಲಿ ಜಾಗವೂ ಇರಲಿ. ಕೊನೆಯ ದಿನ ತೆಗೆಯುವಾಗ ಆ ಜಾಗದಲ್ಲಿ ಪೆನ್ಸಿಲ್ಲಿನಿಂದ ಏನಾದರೂ ಬರೆದಿದೆಯೇ ಎಂದು ನೋಡಿ, ಇದ್ದರೆ ಅದನ್ನು ಅವಲೋಕನ ಪುಸ್ತಕದಲ್ಲಿ ಅಕ್ಷರಶಃ ನಕಲು ಮಾಡಿಕೊಳ್ಳಿ.